ಉಳಿದಿದ್ದು ಎರಡೇ ಪ್ಲೇಟು

ಜೀಪು ನನ್ನ ಸ್ಕೂಟರಿಗೆ ಎರಡನೇ ಸಲ ಗುದ್ದಿತು.

ಈ ಸಲ ತಡೆಯೋಕಾಗಲಿಲ್ಲ. ಸ್ಕೂಟರ್ ಚರಂಡಿಗೆ... ನಾನು ಪೊದೆಗೆ. ಹೊಸನಗರ ದಾಟಿ ನಾಲ್ಕು ತಿರುವು ಆಗಿತ್ತಷ್ಟೇ. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ.

ಬ್ಯಾಗ್ ಮುಟ್ಟಿ ನೋಡಿದೆ. ಒಳಗಿನ ಗ್ರಾಮಫೋನ್ ಪ್ಲೇಟಿಗೆ ಏನೂ ಆಗಿರಲಿಲ್ಲ.

ಕನ್ನಪ್ಪ ಜೀಪಿನಿಂದ ಇಳಿದ. ತೀರ್ಥಹಳ್ಳಿಯ ರವಿಶಂಕರನ ಡ್ರೈವರ್. ಕೈಯಲ್ಲಿ ಜಾಕಿ ರಾಡ್.

"ಬ್ಯಾಗ್ ಕೊಡಿ ಅಕ್ಕಾ. ನಂಗೂ ಹೊಡೆಯೋ ಮನಸ್ಸಿಲ್ಲ."

ನಾನ್ಯಾರು ಅಂತ ಹೇಳಿಬಿಡ್ತೀನಿ. ಸುಪ್ರಿಯಾ, ಊರು ಸಾಗರ. ಎಲ್ಲೂ ಸಿಗದ ಹಳೇ ರೆಕಾರ್ಡ್ ಹುಡುಕಿಕೊಡೋದು ನನ್ನ ಕೆಲಸ. ನನ್ನ ಗಿರಾಕಿ ರವಿಶಂಕರನಿಗೆ ರಾಕಬಿಲಿ ಹುಚ್ಚು. ಐವತ್ತರ ದಶಕದ ಅಮೆರಿಕದ ಹಾಡು... ಗಿಟಾರು, ಟಕಟಕ ಬಡಿಯೋ ದೊಡ್ಡ ಬೇಸ್ ಪಿಟೀಲು. ಬಾಂಬೆಯ ಒಂದು ಹೋಟೆಲ್ ಬ್ಯಾಂಡು ಅದನ್ನು ಹಾಡಿ ಒಂದೇ ಒಂದು ರೆಕಾರ್ಡ್ ಮಾಡಿಸಿತ್ತು. ಉಳಿದಿದ್ದು ಎರಡು ಪ್ರತಿ. ಒಂದನ್ನು ನಾನೇ ಅವನಿಗೆ ಹುಡುಕಿಕೊಟ್ಟಿದ್ದೆ. ಇನ್ನೊಂದು ಹೊಸನಗರದ ವರದಮ್ಮನ ಮನೇಲಿತ್ತು. ಅದರಲ್ಲಿ ಹಾಡಿದವರು ಅವರ ಗಂಡ. ಈಗಿಲ್ಲ.

ರವಿಶಂಕರನಿಗೆ ಫೋನ್ ಮಾಡಿ ತಿಳಿಸಿದೆ. ಅದನ್ನು ತಗೊಂಡು ಸುಟ್ಟು, ಫೋಟೋ ಕಳಿಸು ಅಂದ. ಲೋಕದಲ್ಲಿ ಅದು ತನ್ನ ಹತ್ರ ಮಾತ್ರ ಇರಬೇಕಂತೆ.

ಹೋಗಿ ವರದಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅಷ್ಟರಲ್ಲಿ ಗೇಟಿನ ಹತ್ರ ರವಿಶಂಕರನ ಜೀಪು ಬಂತು, ನನ್ನ ಮೇಲೆ ನಂಬಿಕೆ ಸಾಲದೆ ಹಿಂದೆಯೇ ಕಳಿಸಿದ್ದ. ಅವರು ಪ್ಲೇಟನ್ನು ನನ್ನ ಬ್ಯಾಗಿಗೆ ತುರುಕಿ ಹಿಂಬಾಗಿಲು ತೋರಿಸಿದರು.

"ಅವರ ದನಿ ಅಂತ ನಂಗಿರೋದು ಇದೊಂದೇ ಮಾರಾಯ್ತಿ. ಹೋಗು."

ಈಗ ರಾಡು ನನ್ನ ಮುಖದ ಮುಂದಿತ್ತು.

ಬ್ಯಾಗ್ ಕೊಟ್ಟೆ. ಇದು ಅದೇ ಪ್ಲೇಟು ಅಂತ ನಿಮ್ಮ ಸಾಹುಕಾರ್ರಿಗೆ ಯಾರು ಹೇಳ್ತಾರೆ ಅಂತ ಕೇಳಿದೆ. ಕನ್ನಪ್ಪ ಯೋಚಿಸಿದ. ಸ್ಕೂಟರ್ ಕೀ ತಗೊಂಡು ಬರೋಕೆ ಬಿಟ್ಟ, ನನ್ನನ್ನೂ ಜೀಪಿಗೆ ಹತ್ತಿಸಿದ.

ತೀರ್ಥಹಳ್ಳಿ. ಎಸಿ ರೂಮು. ಗೋಡೆ ತುಂಬಾ ರೆಕಾರ್ಡು.

ರವಿಶಂಕರ ವರದಮ್ಮನ ಪ್ಲೇಟನ್ನು ಟೇಬಲ್ ಮೇಲಿಟ್ಟು ಲೈಟರ್ ತೆಗೆದ. ಲೇಬಲ್ ಪಕ್ಕ ಕೊರೆದ ನಂಬರು ನಿಮ್ಮದಕ್ಕೆ ತಾಳೆಯಾಗುತ್ತಾ, ಮೊದಲು ನೋಡಿ ಅಂದೆ. ಅವನು ತನ್ನ ಪ್ರತಿಯನ್ನು ಕವರಿನಿಂದ ತೆಗೆದ. ಒಂದು ಗೀರಿಲ್ಲ. ಕನ್ನಡಿ ಥರ ಹೊಳೀತಿತ್ತು.

ಕಸಿದುಕೊಂಡೆ. ಸ್ಕೂಟರ್ ಕೀ ಮೊನೆಯನ್ನು ಅದರ ಮೇಲಿಟ್ಟೆ.

ಕನ್ನಪ್ಪ ಒಂದು ಹೆಜ್ಜೆ ಮುಂದೆ ಬಂದ. ನಾನು ಒತ್ತಿದೆ...

"ನಿಲ್ಲೋ!" ರವಿಶಂಕರನ ದನಿ ಒಡೆದುಹೋಗಿತ್ತು. "ಸುಪ್ರಿಯಾ... ಗೀರಬೇಡ. ಏನು ಬೇಕು?"

"ವರದಮ್ಮನ ಪ್ಲೇಟು. ಜೀಪಿನ ಕೀ. ನಿಮ್ಮದು ನನ್ನ ಜೊತೆ ಬರುತ್ತೆ."

ಅವನು ಪ್ಲೇಟನ್ನು ನನ್ನತ್ತ ತಳ್ಳಿದ, ಕನ್ನಪ್ಪನಿಂದ ಕೀ ಕೊಡಿಸಿದ.

ಎರಡೂ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಹೊಸನಗರದ ತನಕ ಹಿಂದೆ ನೋಡ್ತಾನೇ ಓಡಿಸಿದೆ. ಯಾರೂ ಬರಲಿಲ್ಲ. ವರದಮ್ಮ ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ರವಿಶಂಕರನ ಫೋನು. ತನ್ನದು ಎಲ್ಲಿದೆ, ಬಿಸಿಲಿಗೆ ಇಟ್ಟಿಲ್ಲ ತಾನೇ ಅಂದ. ವರದಮ್ಮ ಚೆನ್ನಾಗಿದ್ರೆ ಅದೂ ಚೆನ್ನಾಗಿರುತ್ತೆ ಅಂದೆ.

ಆವತ್ತಿಂದ ವಾರ ವಾರ ಅವರ ಆರೋಗ್ಯ ವಿಚಾರಿಸ್ತಾನೆ. ಅಷ್ಟು ಕಾಳಜಿ ಅವರ ಬಿಪಿ ಡಾಕ್ಟರಿಗೂ ಇಲ್ಲ.