ಹೆಣ್ಣು ನೋಡಲು ಬಂದವನ ರಕ್ತ

"ನಿಮಗೆ ಮೊನ್ನೆ ಮೊನ್ನೆ ಅಮ್ಮ ಆಗಿತ್ತೇನ್ರಿ?"

ಹೆಣ್ಣು ನೋಡಲು ಬಂದ ಹುಡುಗನಿಗೆ ರುದ್ರಾಣಿ ಕೇಳಿದ ಮೊದಲ ಮಾತು ಇದು! ಹಾಲಸ್ವಾಮಿಯ ಮುಖದ ಮೇಲೆ ಸೀತಾಳೆ ಸಿಡುಬಿನ ಕಲೆಗಳು ಇನ್ನೂ ಮಾಸಿರಲಿಲ್ಲ.

"ಹೂಂ, ಹೋದ ತಿಂಗಳು. ಉಳಿಯೋದೇ ಕಷ್ಟ ಅಂದಿದ್ರು," ಎಂದ ಅವನು ತಲೆ ತಗ್ಗಿಸಿ.

"ಹಂಗಾದ್ರೆ ಒಂಚೂರು ರಕ್ತ ಕೊಡ್ತೀರಾ? ಒಳಗೆ ಸಿರಿಂಜ್ ಐತೆ."

ನ್ಯಾಮತಿಯ ಆ ಪಡಸಾಲೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಕೈಗಳೆಲ್ಲ ನಿಂತವು. ಅವಳ ಅಪ್ಪ ಬೆನಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಾಪ, ಹುಡುಗಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ೧೯೮೪ರ ಆ ವರ್ಷವಿಡೀ ಅವಳಿಗೆ ಒಂದೇ ಗುಂಗು. ಅವರೆಕಾಳಿನಲ್ಲಿ ಒಂದು ಪ್ರೋಟೀನ್ ಇದೆ. ಅದು ಬಿಳಿ ರಕ್ತಕಣಗಳ ಮೈಮೇಲಿನ ಸಕ್ಕರೆಗೆ ಅಂಟಿಕೊಂಡು ಅವನ್ನು ಎಬ್ಬಿಸುತ್ತದೆ. ಹಾಗೆ ಎದ್ದ ಕಣಗಳು ವೈರಸ್ಸನ್ನು ಇನ್ನೂ ಜೋರಾಗಿ ಎದುರಿಸುತ್ತವೆಯೇ? ಅದನ್ನು ನೋಡಲು ಸೀತಾಳೆ ಸಿಡುಬಿನಿಂದ ಆಗಷ್ಟೇ ಗುಣವಾದವರ ರಕ್ತ ಬೇಕಿತ್ತು. ಅದು ಎದುರಿಗೇ ಬಂದು ಕೂತಿತ್ತು!

"ನಮ್ಮ ಹುಡುಗನ ರಕ್ತ ಕೆಟ್ಟೈತೇನು ಅಂತ ಪರೀಕ್ಷೆ ಮಾಡ್ತಾಳಂತೆ. ಏಳೋ," ಎಂದು ಅವನ ತಾಯಿ ಪ್ರೇಮಮ್ಮ ಎದ್ದೇಬಿಟ್ಟರು.

ಹಾಲಸ್ವಾಮಿ ಮಾತ್ರ ಅಂಗಿಯ ತೋಳು ಮಡಿಸಿ ಕೈ ಚಾಚಿದ. "ತಗೊಳ್ರಿ."

ರುದ್ರಾಣಿ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡಳು. ಇವರು ಹೀಗೇ ಹೋಗಿಬಿಟ್ಟರೆ... ಎಂಬ ಭಯ ಅವಳಲ್ಲಿ ಆಗಲೇ ಶುರುವಾಗಿತ್ತು. ಅವರು ಹೋದರು. ಸಂಬಂಧ ಬೇಡವೆಂದು ಮರುದಿನವೇ ಹೇಳಿ ಕಳಿಸಿದರು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಹಾಲಸ್ವಾಮಿಯ ಊರು ಕತ್ತಲಗೆರೆಯಲ್ಲಿ, ಅವನ ಹೊಲದ ಬದುವಿನ ಮೇಲೆ ರುದ್ರಾಣಿ ಏದುಸಿರು ಬಿಡುತ್ತಾ ನಿಂತಿದ್ದಳು. ಓಡಿಯೇ ಬಂದಿದ್ದಳು.

"ಎದ್ವು ರೀ! ನಿಮ್ಮ ಕಣಗಳು... ಅವರೆಕಾಳಿನ ಪ್ರೋಟೀನ್ ಹಾಕಿದ್ದೇ ತಡ, ವೈರಸ್ ಮೇಲೆ ಬಿದ್ದೇಬಿಟ್ವು."

"ಪರೀಕ್ಷೇಲಿ ಪಾಸಾದೆ ಅನ್ರಿ," ಎಂದ ಅವನ ದನಿಯಲ್ಲಿ ನೋವಿತ್ತು. "ಬೇಕಾದ್ರೆ ಇನ್ನೊಂದಿಷ್ಟು ತಗೊಂಡು ಹೋಗ್ರಿ."

ಅವಳ ಕಣ್ಣುಗಳು ತುಂಬಿ ಬಂದವು.

"ರಕ್ತ ಸಾಕ್ರಿ. ಮೈಕ್ರೋಸ್ಕೋಪಿನಾಗೆ ಆ ಕಣಗಳ್ನ ನೋಡಿ ಅತ್ತುಬಿಟ್ಟೆ. ಕಾಯಿಲೆ ಬಂದಾಗ ಇವು ಸೋತಿದ್ರೆ ನೀವು ನಮ್ಮನೆಗೆ ಬರ್ತಾನೇ ಇರಲಿಲ್ಲವಲ್ಲ ಅನ್ಸ್ತು. ನಂಗೆ... ನೀವು ಬೇಕು."

ಹಾಲಸ್ವಾಮಿ ಅವಳ ಹತ್ತಿರಕ್ಕೆ ಬಂದ. ಅವನಿಗೂ ಅವಳು ಬೇಕಿತ್ತು, ಅವತ್ತಿನಿಂದಲೇ.

"ಆದ್ರೆ ಅವ್ವಂಗೆ ಇನ್ನೂ ಸಿಟ್ಟೈತೆ," ಎಂದ ಮೆಲ್ಲಗೆ.

"ಕ್ಷಮೆ ಕೇಳಾಕೆ ಮೊದ್ಲು ಅವರ ಹತ್ರಾನೇ ಹೋಗಿದ್ದೆ. ರಕ್ತ ಯಾಕೆ ಬೇಕಿತ್ತು ಅಂತ ಎಲ್ಲಾ ಬಿಡಿಸಿ ಹೇಳ್ದೆ. ನೀವು ಇಲ್ಲಿದ್ದೀರಿ ಅಂತ ಹೇಳಿದ್ದೇ ಅವರು."

"ಹೌದಾ? ಮತ್ತೇನಂದ್ಳು?"

ರುದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಬೇಗ ಕರ್ಕೊಂಡು ಬಾ, ಇಬ್ರಿಗೂ ರೊಟ್ಟಿ ತಟ್ತೀನಿ ಅಂದ್ರು."