ಕಲ್ಲೆದೆಯ ಅಳತೆ

"ತೆಗೀರಿ ಅದನ್ನ! ಮೊದಲು ತೆಗೀರಿ!"

ಅವಳ ಕೂಗಿಗೆ ಕೋಣೆಯ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತುಬಿಟ್ಟವು.

ಬಾಗಿಲ ಬಳಿ ನಿಂತಿದ್ದ ಹೊಸಬ ಬೆಚ್ಚಿಬಿದ್ದ. ಅವನು ಮಾಡಿದ್ದು ಇಷ್ಟೇ... ಮೂಲೆಯಲ್ಲಿದ್ದ ಬಟ್ಟೆಯ ಬೊಂಬೆಯ ಹೆಗಲಿಗೆ ತನ್ನ ಚೀಲ ನೇತುಹಾಕಿದ್ದ. ತಲೆಯಿಲ್ಲ, ಕೈಕಾಲಿಲ್ಲ, ಎದೆ, ಬೆನ್ನು, ಹೆಗಲು ಮಾತ್ರ ಇರುವ ಬೊಂಬೆ.

"ಸಾರಿ ಮೇಡಂ... ಚೀಲ ಹಾಕೋಕೇ ಇಟ್ಟಿದ್ದಾರೆ ಅಂದ್ಕೊಂಡೆ."

"ಅದು ನನ್ನ ಅಣ್ಣ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಆದರೆ ಅವನು ನಗಲಿಲ್ಲ. ಚೀಲವನ್ನು ತೆಗೆದು ಎದೆಗವಚಿಕೊಂಡ. ಆಮೇಲೆ ಬೊಂಬೆಯ ಹೆಗಲ ಮೇಲಿನ ಧೂಳನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ.

ಅವಳು ಮುಖ ತಿರುಗಿಸಿಕೊಂಡಳು. 'ಈ ಹೊಸಬರು ಯಾಕಾದ್ರೂ ಬರ್ತಾರೋ!'

ಆ ಸ್ಟುಡಿಯೋ ಮನೆಮಾತಾಗಿದ್ದು ಮುಗಿಲವೀರನ ಸಿನಿಮಾಗಳಿಂದ. ಆಕಾಶದಲ್ಲಿ ಹಾರುವವನು, ಉರಿಯುವ ಕಟ್ಟಡಗಳಿಂದ ಮಕ್ಕಳನ್ನು ಎತ್ತಿ ತರುವವನು. ಮುಖ ದೊಡ್ಡ ನಟನದು. ಹಾರುವ, ಉರುಳುವ, ಬೀಳುವ ಮೈ ಮಾತ್ರ ಅವಳ ಅಣ್ಣನದು. ಪ್ರತಿ ಸಲ ಅವನನ್ನು ಕರೆಸಿ ನಿಲ್ಲಿಸಬೇಕಿಲ್ಲವೆಂದು ಅವನ ಅಳತೆಗೇ ಆ ಬೊಂಬೆಯನ್ನು ಮಾಡಿದ್ದರು. ಮುಗಿಲವೀರನ ಉಡುಪುಗಳನ್ನೆಲ್ಲ ಅವಳು ಹೊಲಿದದ್ದು ಅದರ ಮೇಲೆಯೇ.

ಹೋದ ಸಿನಿಮಾದಲ್ಲಿ ಅಣ್ಣ ಬೆನ್ನುನೋವನ್ನು ಯಾರಿಗೂ ಹೇಳದೆ ಮೇಲಿಂದ ಹಾರಿದ. ಕೆಳಗೆ ಗಾಳಿಹಾಸಿಗೆ ಇತ್ತು. ಆದರೆ ಗಾಳಿಯಲ್ಲಿ ತಿರುಗಬೇಕಿದ್ದ ಬೆನ್ನು ತಿರುಗಲಿಲ್ಲ. ಅಂಚಿಗೆ ಬಿದ್ದವನು ಏಳಲೇ ಇಲ್ಲ.

ಸಿನಿಮಾ ಬಿಡುಗಡೆಯಾಯಿತು. ಜನ ಶಿಳ್ಳೆ ಹೊಡೆದರು. ಹೋದವನು ಯಾರೆಂದು ಯಾರಿಗೂ ತಿಳಿಯಲಿಲ್ಲ.

ಈಗ ಮುಗಿಲವೀರನ ಲೋಕಕ್ಕೆ ಇಬ್ಬರು ಹೊಸಬರು ಬರುತ್ತಿದ್ದರು. ಒಬ್ಬ ಕಲ್ಲೆದೆ. ಎಂಥ ಏಟು ಬಿದ್ದರೂ ಅವನಿಗೆ ನೋವಾಗದು. ಇನ್ನೊಬ್ಬಳು ಆಲಿಸುವವಳು. ಎಷ್ಟೇ ದೂರದಲ್ಲಿದ್ದರೂ ಬೇರೆಯವರ ಮೈಯ ನೋವು ಅವಳ ಕಿವಿಗೆ ಬೀಳುತ್ತದೆ. ಪೋಸ್ಟರ್ ಅಂಟಿಸಿದ ದಿನದಿಂದ ಸ್ಟುಡಿಯೋ ಗೇಟಿನ ಮುಂದೆ ಅಭಿಮಾನಿಗಳ ಗಲಾಟೆ. "ನಮ್ಮ ಮುಗಿಲವೀರ ಒಬ್ಬನೇ ಸಾಕು! ಈ ಕಲ್ಲು ಮಣ್ಣು ಎಲ್ಲ ಯಾರು ಕೇಳಿದ್ರು?"

ಅದನ್ನು ಕೇಳಿದಾಗಲೆಲ್ಲ ಅವಳ ಮನಸ್ಸು ಒಳಗೊಳಗೇ ಹೌದು ಹೌದು ಎನ್ನುತ್ತಿತ್ತು.

ಚೀಲ ನೇತುಹಾಕಿದವನು ಆ ಕಲ್ಲೆದೆಯ ಮೈ. ಗಾಳಿಯಲ್ಲಿ ಗಿರಗಿರ ತಿರುಗಿ ಬೀಳುವುದರಲ್ಲಿ ಪಳಗಿದ್ದರಿಂದ ಎಲ್ಲರೂ ಅವನನ್ನು ಬುಗುರಿ ಎನ್ನುತ್ತಿದ್ದರು.

"ಕೈ ಎತ್ತಿ," ಅವಳು ಟೇಪು ಹಿಡಿದು ಮುಂದೆ ಬಂದಳು. "ಉಸಿರು ಬಿಗಿ ಹಿಡೀಬೇಡಿ."

"ನಾನೆಲ್ಲಿ ಹಿಡಿದೆ ಮೇಡಂ? ನಿಮ್ಮ ಹೆದರಿಕೆಗೆ ಅದೇ ನಿಂತ್ಕೊಂಡಿದೆ."

ಯಂತ್ರದ ಹಿಂದಿನ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಆದರೆ ಟೇಪು ಸುತ್ತುವಾಗ ಅವನ ಎದೆಬಡಿತ ಬೆರಳಿಗೆ ತಾಕಿತು. ಬಹಳ ದಿನಗಳಿಂದ ಅವಳು ಅಳೆದದ್ದು ಉಸಿರಾಡದ ಮೈಯನ್ನು ಮಾತ್ರ...

ಅವನು ಹೊರಡುವಾಗ ಬೊಂಬೆಯ ಮುಂದೆ ಒಂದು ಕ್ಷಣ ನಿಂತ.

"ಬರ್ತೀನಿ ಅಣ್ಣ," ಎಂದ. ತಮಾಷೆಗಲ್ಲ. ದೊಡ್ಡವರಿಗೆ ಹೇಳುವ ಹಾಗೆ.

ಅವಳ ಕೈಯಿಂದ ಗುಂಡುಪಿನ್ನಿನ ಡಬ್ಬಿ ಜಾರಿ ಬಿತ್ತು.

---

"ಆ ಬೊಂಬೆಗೇ ಹತ್ತಿ ಸುತ್ತಿ ಬುಗುರಿಯ ಅಳತೆಗೆ ತಾ," ಎಂದರು ಮಾಸ್ಟರಮ್ಮ. ಉಡುಪಿನ ವಿಭಾಗಕ್ಕೆಲ್ಲ ಅವರೇ ಹಿರಿಯರು. "ಹೆಗಲಿಗೆ, ಎದೆಗೆ ಒಂದೊಂದು ಪದರ ಜಾಸ್ತಿ ಕೊಟ್ರೆ ಆಯ್ತು. ಹೊಸ ಬೊಂಬೆ ಬರೋ ಹೊತ್ತಿಗೆ ಶೂಟಿಂಗೇ ಮುಗಿದಿರುತ್ತೆ."

"ಆಯ್ತಮ್ಮ," ಎಂದಳು ಅವಳು.

ಆದರೆ ಹತ್ತಿ ಕೈಗೆತ್ತಿಕೊಂಡಾಗಲೆಲ್ಲ ಹಾಗೇ ಕೆಳಗಿಟ್ಟುಬಿಡುತ್ತಿದ್ದಳು. ಒಂದು ಪದರ ಸುತ್ತಿದರೂ ಅಣ್ಣನ ಹೆಗಲು ಮುಚ್ಚಿಹೋಗುತ್ತದೆ. ಪ್ರಪಂಚದಲ್ಲಿ ಅವನ ಆಕಾರ ಉಳಿದಿರುವುದು ಇದೊಂದರಲ್ಲೇ!

ಬರೆದುಕೊಂಡ ಅಳತೆ ನೋಡಿಯೇ ಹೊಲಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು. ಕತ್ತರಿಸಿದ್ದೂ ಹಾಗೆಯೇ. ಆದರೆ ಕಲ್ಲೆದೆಯ ಉಡುಪು ದಪ್ಪ, ಬಿರುಸು. ಯಾವುದಾದರೂ ಮೈಗೆ ಏರಿಸದೆ ಹೆಗಲು, ಕಂಕುಳು ಕೂರುವುದಿಲ್ಲ. ಸ್ವಲ್ಪ ಹೊತ್ತು ತಾನೇ ಎಂದು ಬೊಂಬೆಗೆ ತೊಡಿಸಿದಳು... ಎಷ್ಟೋ ವರ್ಷದಿಂದ ಕಲಿತ ಕೈ, ಅವಳನ್ನು ಕೇಳದೆಯೇ ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಒಳಗೆ ಹಿಡಿಯುತ್ತ ಹೋಯಿತು.

ಬುಗುರಿ ದಿನವೂ ಬರತೊಡಗಿದ. ಒಮ್ಮೆ ಕಿತ್ತುಹೋದ ಗುಂಡಿಯ ನೆಪ, ಒಮ್ಮೆ ಚಹಾದ ನೆಪ.

"ಈ ಗುಂಡಿ ನೆನ್ನೆಯೇ ಹಾಕಿದ್ದೆನಲ್ಲ?"

"ಹೌದಾ? ಅದಕ್ಕೂ ನಿಮ್ಮನ್ನ ನೋಡೋ ಆಸೆ ಇರಬೇಕು."

"ಕತ್ತರಿ ಇಲ್ಲೇ ಇದೆ, ನೆನಪಿರಲಿ!"

"ನಿಮ್ಮನ್ನ ಏನಂತ ಕರೀಲಿ? ಮೇಡಂ ಅಂದ್ರೆ ನೀವು ನನ್ನ ಪರೀಕ್ಷೆ ಪೇಪರ್ ತಿದ್ದೋರ ಹಾಗೆ ಕಾಣ್ತೀರ."

ಅವಳು ದಾರ ಕಚ್ಚಿ ತುಂಡು ಮಾಡಿದಳು. "ಅಣ್ಣ ಸೂಜಿ ಅಂತಿದ್ದ," ಎಂದಳು ಸಣ್ಣಗೆ. ಆ ಹೆಸರು ಅವಳ ಬಾಯಿಗೆ ಬಂದದ್ದು ಅಣ್ಣ ಹೋದ ಮೇಲೆ ಅದೇ ಮೊದಲು.

ಉಡುಪು ಸಿದ್ಧವಾದ ದಿನ ಬುಗುರಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಅವಳು ಸುತ್ತ ಒಂದು ಬಾರಿ ಬಂದಳು. ಅವಳ ಮುಖ ಹಾಗೆ ಅರಳಿದ್ದನ್ನು ಅವನು ನೋಡಿರಲೇ ಇಲ್ಲ!

"ಎಲ್ಲಾದ್ರೂ ಹಿಡಿಯುತ್ತಾ? ಹೇಳಿ, ಬಿಚ್ಚಿ ಸರಿ ಮಾಡ್ತೀನಿ."

ಅವನು ಅವಳ ಕಣ್ಣುಗಳನ್ನೇ ನೋಡಿದ.

"ಇಲ್ಲ ಸೂಜಿ. ನನ್ನ ಚರ್ಮದ ಹಾಗೇ ಇದೆ."

---

ಕಲ್ಲೆದೆ ಮೊದಲ ಸಲ ಜನರ ಮುಂದೆ ಬರುವ ದೃಶ್ಯ. ಎತ್ತರದ ಕಟ್ಟಡದಿಂದ ಬಿದ್ದು, ಬಟ್ಟೆ ಕೊಡವಿಕೊಂಡು ಎದ್ದು ನಡೆಯಬೇಕು. ಮುಗಿಲವೀರನನ್ನು ಬಿಟ್ಟು ಇನ್ನೊಬ್ಬನನ್ನು ಜನ ಒಪ್ಪಬೇಕಾದರೆ ಅದು ಆ ಬೀಳುವಿಕೆಯಲ್ಲೇ ಆಗಬೇಕು ಎಂದು ನಿರ್ದೇಶಕರ ಹಟ.

ಕೈಯಲ್ಲಿ ಸೂಜಿದಾರ ಹಿಡಿದು ಅವಳು ಕ್ಯಾಮೆರಾದ ಪಕ್ಕ ನಿಂತಿದ್ದಳು. ಹೊಲಿಗೆ ಬಿಟ್ಟರೆ ಓಡಿಹೋಗಿ ಹಾಕಬೇಕು.

ಮೇಲೆ ಅಂಚಿನಲ್ಲಿ ಬುಗುರಿ ಕಾಣಿಸಿಕೊಂಡ. ಮುಖವಾಡ ಸರಿಪಡಿಸಿಕೊಳ್ಳಲು ಎಡಗೈ ಎತ್ತಿದ.

ಕೈ ಅರ್ಧಕ್ಕೇ ನಿಂತಿತು. ಅವನು ಬಲಗೈಯಿಂದ ಮುಖವಾಡ ಎಳೆದುಕೊಂಡು, ಏನೂ ಆಗದವನಂತೆ ಕೆಳಗಿನವರಿಗೆ ಹೆಬ್ಬೆರಳು ತೋರಿಸಿದ.

ಅಣ್ಣನೂ ಹೀಗೆಯೇ... ಸೊಂಟಕ್ಕೆ ಕೈಯಿಟ್ಟುಕೊಂಡು ಹೆಬ್ಬೆರಳು ತೋರಿಸಿದ್ದ!

"ನಿಲ್ಲಿಸಿ! ಅವರು ಹಾರಬಾರದು!"

ಅವಳು ಓಡಿದಳು. ಯಾರು ತಡೆದರೋ, ಯಾರು ಬೈದರೋ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಎಲ್ಲರೆದುರೇ ಅವನ ಬೆನ್ನಿನ ಜಿಪ್ ಎಳೆದಳು.

ಕಂಕುಳಲ್ಲಿ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಎಡಪಕ್ಕೆ ಕಪ್ಪುಗಟ್ಟಿ ಊದಿತ್ತು. ಅವನ ಅಗಲ ಹೆಗಲ ಮೇಲೆ ಅವಳ ಹೊಲಿಗೆಯ ಅಚ್ಚು ಕೆಂಪಗೆ ಎದ್ದು ಕಾಣುತ್ತಿತ್ತು. ಆ ಗೆರೆಯ ಗುರುತು ಅವಳಿಗೆ ಹತ್ತಿತು. ಅದು ಅಣ್ಣನ ಹೆಗಲು...

"ನಾನು... ಅವನ ಅಳತೆಗೆ ಹೊಲಿದುಬಿಟ್ಟೆನಾ?"

"ಹೋಗ್ಲಿ ಬಿಡಿ."

"ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ." ಅವನು ನಗಲು ನೋಡಿದ. "ಅಷ್ಟು ಖುಷಿಯಾಗಿದ್ರಿ. ಬಿಚ್ಚಿ ಅನ್ನೋಕೆ ಬಾಯಿ ಬರಲಿಲ್ಲ. ಪಕ್ಕೆಗೆ ಪೆಟ್ಟಾಗಿದ್ದು ಅಭ್ಯಾಸದಲ್ಲಿ. ಬಿಗಿಗೆ ನೋಯ್ತಿದೆ ಅಂದ್ಕೊಂಡೆ. ಕಲ್ಲೆದೆ ಅಲ್ವಾ ನಾನು?"

"ನೋವಾದ್ರೆ ಹೇಳೋಕೇನು ನಿನಗೆ?" ಅವಳು ಕಿರುಚಿದಳು. "ಎಲ್ಲರೂ ಹೀಗೇ! ನಗ್ತಾ ನಗ್ತಾ ಹೋಗಿಬಿಡಿ! ಆಮೇಲೆ ಇಲ್ಲಿ ಕೂತು ಅಳೋರು ಯಾರು?"

ನಿರ್ದೇಶಕರು ಕೂಗಾಡಿದರು. ಫೈಟ್ ಮಾಸ್ಟರ್ ಮಾತ್ರ ಅವನ ಪಕ್ಕೆ ಮುಟ್ಟಿ ನೋಡಿ, ತಲೆ ಅಲ್ಲಾಡಿಸಿ ಆಸ್ಪತ್ರೆಗೆ ಹೋಗು ಎಂದರು. ಬೇರೊಬ್ಬ ಸಾಹಸಿಗನಿಗೆ ಫೋನ್ ಹೋಯಿತು.

ಗೇಟಿನ ಹತ್ತಿರ ಬುಗುರಿ ಅವಳಿಗಾಗಿ ಕಾದಿದ್ದ. ಅವನ ಮುಖದಲ್ಲಿ ನಗು ಇರಲಿಲ್ಲ.

"ಗುರುತಿಲ್ಲದ ಮೈ ನಂದು. ಇದೊಂದು ಪಾತ್ರ ನಂದು ಅಂತ ಆಗ್ತಿತ್ತು. ಒಂದು ಮಾತು ಕಿವಿಯಲ್ಲಿ ಹೇಳಿದ್ರೆ ಸಾಕಿತ್ತು. ಎಲ್ಲರ ಮುಂದೆ..." ಅವನು ಸೆಟ್ಟಿನ ಕಡೆ ತಿರುಗಿ ನೋಡಿದ. "ನಿಮ್ಮ ಅಣ್ಣ ಇದ್ದ ಜಾಗಕ್ಕೆ ಯಾರೂ ಬರಬಾರದು ನಿಮಗೆ. ಅದಕ್ಕೇ ನನ್ನ ಅಳತೆ ನಿಮ್ಮ ಕೈಗೆ ಬರಲೇ ಇಲ್ಲ."

ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

---

ಸಂಜೆ ಅಮ್ಮ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು. ಆ ರಾಶಿಯಲ್ಲಿ ಅಣ್ಣನ ಅಂಗಿಯೂ ಇತ್ತು. ಯಾರೂ ತೊಡದಿದ್ದರೂ ಅಮ್ಮ ಅದನ್ನು ಆಗಾಗ ಒಗೆದು, ಒಣಗಿಸಿ, ಮಡಚಿಡುತ್ತಾಳೆ.

ಮಗಳು ನಡೆದದ್ದೆಲ್ಲವನ್ನೂ ಹೇಳಿದಳು.

"ನಿಮ್ಮಣ್ಣ ಊಟಕ್ಕೆ ಕೂತಾಗ ಗೋಡೆಗೆ ಒರಗ್ತಿದ್ದ ಕಣೇ," ಎಂದಳು ಅಮ್ಮ. "ಸುಸ್ತಾಗಿದೆ ಮಗೂಗೆ ಅಂತ ಇನ್ನೊಂದು ತುತ್ತು ಬಡಿಸ್ತಿದ್ದೆ. ನೋವಾ ಅಂತ ಒಂದು ಮಾತು ಕೇಳಲಿಲ್ಲ."

"ಅಮ್ಮಾ..."

"ನೀನು ಇವತ್ತು ಯಾರೋ ತಾಯಿಯ ಮಗನ್ನ ಮೆಟ್ಟಿಲ ಮೇಲೆ ನಡೆಸಿ ಕೆಳಗಿಳಿಸಿದೀಯ. ಬೈದ್ನಾ? ಬೈಲಿ ಬಿಡು. ಬೈಯೋಕೆ ಅವನಿದ್ದಾನಲ್ಲ."

ಅಮ್ಮ ಅಣ್ಣನ ಅಂಗಿಯನ್ನು ಮಡಚದೆ ಮಗಳ ಮಡಿಲಿಗಿಟ್ಟಳು. ಇಬ್ಬರೂ ಅದರಲ್ಲಿ ಮುಖ ಹುದುಗಿಸಿ ಅತ್ತರು.

ಮರುದಿನ ಬೆಳಿಗ್ಗೆ ಯಾರೂ ಬರುವ ಮುನ್ನ ಅವಳು ಬೊಂಬೆಯ ಮುಂದೆ ನಿಂತಳು.

"ಮುಚ್ಚಿಹಾಕ್ತಿಲ್ಲ ಅಣ್ಣ. ನೀನು ಒಳಗೇ ಇರು," ಎಂದು ಮೊದಲ ಪದರ ಹತ್ತಿ ಸುತ್ತಿದಳು.

ಬರೆದಿಟ್ಟ ಅಳತೆ ನೋಡಬೇಕಾಗಲಿಲ್ಲ. ಬುಗುರಿಯ ಹೆಗಲ ಅಗಲ, ಎದೆಯ ಸುತ್ತಳತೆ, ಊದಿದ ಪಕ್ಕೆ... ಬೆರಳುಗಳಿಗೆ ಎಲ್ಲ ನೆನಪಿತ್ತು. ಹತ್ತಿ ಅಲ್ಲಲ್ಲಿ ಒದ್ದೆಯಾಯಿತು. ಒದ್ದೆಯ ಮೇಲೆ ಇನ್ನೊಂದು ಪದರ ಸುತ್ತಿದಳು.

ಅವಳ ಫೋನಿಗೆ ಅವನು ಉತ್ತರಿಸಲಿಲ್ಲ. ಕಲ್ಲೆದೆಯ ದೃಶ್ಯವನ್ನು ಬೇರೊಬ್ಬ ಮಾಡಿ ಮುಗಿಸಿದ. ದೃಶ್ಯ ಚೆನ್ನಾಗಿ ಬಂತಂತೆ. ಕೋಣೆಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಅವಳು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು.

---

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು.

ಬುಗುರಿ! ಸೊರಗಿಹೋಗಿದ್ದ. ಅಂಗಿಯ ಕೆಳಗೆ ಎದೆಗೆ ಸುತ್ತಿದ ಪಟ್ಟಿ ಕಾಣುತ್ತಿತ್ತು.

"ಬೇರೆ ಕಡೆ ಕೆಲಸ ಹುಡುಕ್ತಿದೀನಿ," ಎಂದ ಅವಳನ್ನು ನೋಡದೆ. "ಅಣ್ಣನಿಗೆ ಒಂದು ಮಾತು ಹೇಳದೆ ಹೋಗಿದ್ದೆ. ಅದಕ್ಕೆ ಬಂದೆ."

ಬೊಂಬೆಯ ಕಡೆ ನಡೆದವನು ಅರ್ಧಕ್ಕೇ ನಿಂತ.

ಅಲ್ಲಿದ್ದುದು ಅಗಲವಾದ ಹೆಗಲು. ದಪ್ಪ ಎದೆ. ಅದಕ್ಕೆ ತೊಡಿಸಿದ್ದ, ಮುಂದೆ ಗುಂಡಿಯಿರುವ ಮೆತ್ತನೆಯ ಬಿಳಿ ಅಂಗಿ.

"ಇದು... ನಾನು?"

"ಒಳಗೆ ಅಣ್ಣ ಇದ್ದಾನೆ," ಎಂದಳು ಅವಳು. "ಅವನ ಮೇಲೆ ನೀವು."

ಅವನು ಅಂಗಿಯ ತೋಳನ್ನು ಮುಟ್ಟಿ ನೋಡಿದ.

"ಅಂಗಿ ಯಾವ ಸಿನಿಮಾಕ್ಕೆ?"

"ಯಾವುದಕ್ಕೂ ಅಲ್ಲ. ಆಸ್ಪತ್ರೆಗೆ ಹಾಕ್ಕೊಂಡು ಹೋಗೋಕೆ. ತಲೆ ಮೇಲಿಂದ ಎಳೆದು ಹಾಕೋ ಅಂಗಿ ಆದ್ರೆ ಕೈ ಎತ್ತಬೇಕಲ್ಲ..."

ಅವನ ಕಣ್ಣು ತುಂಬಿತು.

"ಪಕ್ಕೆಲುಬು ಮುರಿದಿತ್ತು ಸೂಜಿ. ಆ ದಿನ ಹಾರಿದ್ರೆ ಅದು ಒಳಗೆ ಚುಚ್ಚಿಬಿಡ್ತಿತ್ತು ಅಂದ್ರು ಡಾಕ್ಟ್ರು. ಫೋನ್ ತೆಗೆಯೋಕೆ ಮುಖ ಇರಲಿಲ್ಲ. ಅಂಥ ಮಾತಾಡಿದ್ದೆ."

"ಅದರಲ್ಲಿ ಅರ್ಧ ನಿಜ ಇತ್ತು. ನಿಮಗೆ ಜಾಗ ಕೊಟ್ರೆ ಅಣ್ಣ ಹೋಗಿಬಿಡ್ತಾನೆ ಅಂತ ಹೆದರಿದ್ದೆ. ಆದ್ರೆ ಆ ಅಂಚಲ್ಲಿ ನಿಮ್ಮನ್ನ ನೋಡ್ದಾಗ..." ಅವಳಿಗೆ ಬಿಕ್ಕು ಬಂತು. "ಅವತ್ತು ಹೆದರಿದ್ದು ಅಣ್ಣನಿಗಾಗಿ ಅಲ್ಲ. ನಿಮಗಾಗಿ. ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ."

"ಸಿನಿಮಾದಲ್ಲಿ ಆಲಿಸುವವಳಿಗೂ ಕಲ್ಲೆದೆಯ ನೋವು ಮಾತ್ರ ಕೇಳಿಸೋದಿಲ್ಲ," ಎಂದ ಅವನು ಮೆಲ್ಲಗೆ. "ನಿಮಗೆ ಹೇಗೆ ಕೇಳಿಸ್ತು?"

ಅವಳು ಬೊಂಬೆಯಿಂದ ಅಂಗಿಯನ್ನು ಬಿಚ್ಚಿ ತಂದಳು. ಅವನ ಹಳೆಯ ಅಂಗಿ ಮೆಲ್ಲಗೆ ಕಳಚಿಸಿ, ಒಂದೊಂದೇ ತೋಳು ತೊಡಿಸಿ, ಒಂದೊಂದೇ ಗುಂಡಿ ಹಾಕಿದಳು.

"ಎಲ್ಲಾದ್ರೂ ಹಿಡಿಯುತ್ತಾ?"

"ಇಲ್..." ಅವನು ತಡೆದುಕೊಂಡ. ಒಂದು ಉಸಿರು ಬಿಟ್ಟ. "ಹಿಡಿಯುತ್ತೆ. ಇಲ್ಲಿ, ಎಡಗಡೆ. ನೋವಾಗುತ್ತೆ ಸೂಜಿ."

ಅಣ್ಣ ಒಮ್ಮೆಯೂ ಹೇಳದೆ ಹೋದ ಮಾತು! ಅವಳು ಅವನ ಭುಜಕ್ಕೆ ಹಣೆಯೊತ್ತಿ ಮಗುವಿನ ಹಾಗೆ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಎಡಬದಿಯ ಹೊಲಿಗೆ ಬಿಚ್ಚಲು ಕತ್ತರಿ ತೆಗೆದುಕೊಂಡಳು.

ಹೊಲಿಗೆ ಸಡಿಲಾಯಿತು. ಬುಗುರಿ ಬೊಂಬೆಯ ಹೆಗಲಿಗೆ ಕೈಯಿಟ್ಟ.

"ಬರ್ತೀನಿ ಅಣ್ಣ."

"ಅವನಿಗೆ ಮಾತ್ರ ಹೇಳ್ತೀರ. ನನಗೆ?"

"ನಿನಗ್ಯಾಕೆ ಹೇಳ್ಲಿ? ನೀನೂ ಆಸ್ಪತ್ರೆಗೆ ಬರ್ತಿದೀಯಲ್ಲ. ಕೈ ಹಿಡ್ಕೋ... ಮೆಟ್ಟಿಲು ಇಳಿಯೋಕೆ ನೋವಾಗುತ್ತೆ."