ಆರು ಕಿಟಕಿಗಳ ಲೆಕ್ಕ

ಬೇಲೂರಿನ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಜೂನ್‌ನಲ್ಲಿ ಕರೆಂಟ್ ಹೋಗಿದ್ದ ಒಂದು ದಿನ, ಕೋಣೆಯ ಆರು ಕಿಟಕಿಗಳನ್ನೇ ತೋರಿಸಿ ಬೈನರಿ ಪಾಠ ಮಾಡಿದೆ. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಬಲತುದಿಯ ಕಿಟಕಿಯ ಬೆಲೆ ಒಂದು. ಎಡಕ್ಕೆ ಹೋದಂತೆ ಎರಡು, ನಾಲ್ಕು, ಎಂಟು, ಹೀಗೆ ಇಮ್ಮಡಿ. ತೆರೆದ ಕಿಟಕಿಗಳ ಬೆಲೆ ಕೂಡಿದರೆ ಸಂಖ್ಯೆ. “ಪಕ್ಕಪಕ್ಕದ ಎರಡು ಕಿಟಕಿ ತೆರೆಯದೆ ಬರುವ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ” ಎಂದೆ.

ಮರುದಿನ ಬೆಳಿಗ್ಗೆ ಬಲತುದಿಯ ಕಿಟಕಿ ತೆರೆದಿತ್ತು. ಅದರ ಮರುದಿನ ಪಕ್ಕದ್ದು ಮಾತ್ರ. ಕಾಲೇಜಿದ್ದ ದಿನವೆಲ್ಲ ಹೀಗೇ: ಒಂದು, ಎರಡು, ನಾಲ್ಕು, ಐದು, ಎಂಟು. ಒಮ್ಮೆಯೂ ತಪ್ಪಲಿಲ್ಲ. ಅಟೆಂಡರ್ ದ್ಯಾವಮ್ಮನವರ ಮೇಲೆ ರೇಗಿದೆ.

“ನಾನೇ ಚಿಲ್ಕ ಹಾಕಿ ಬೀಗ ಹಾಕ್ತೀನಿ ಸಾ. ಬೀಗದ ಕೈ ನನ್ ಸೆರಗಲ್ಲೇ ಐತೆ” ಎಂದರು. ಸೆರಗಿನ ಗಂಟು ಬಿಚ್ಚಿ ತೋರಿಸಿದರು.

ಇಪ್ಪತ್ತನೆಯ ದಿನ ಎಡತುದಿಯಿಂದ ಒಂದು ಬಿಟ್ಟು ಒಂದು ಕಿಟಕಿ ತೆರೆದಿತ್ತು. ನಲವತ್ತೆರಡು. ಆರು ಕಿಟಕಿಗೆ ಅದೇ ಕೊನೆ. ಮುಂದಿನದು ಅರವತ್ತನಾಲ್ಕು, ಅದಕ್ಕೆ ಆರೂ ಮುಚ್ಚಿ, ಎಡಕ್ಕೆ ಏಳನೆಯದೊಂದು ತೆರೆಯಬೇಕು. ಅಲ್ಲಿರುವುದು ಬರೀ ಗೋಡೆ. ಸದ್ಯ, ಮುಗಿಯಿತು ಅಂದುಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.

ಇವತ್ತು ಬೆಳಿಗ್ಗೆ ಆರೂ ಮುಚ್ಚಿದ್ದವು. ಆ ಗೋಡೆಯ ಬುಡದಲ್ಲಿ ನೆಲದ ಮೇಲೆ, ಸರಳುಗಳ ನೆರಳು ಸಮೇತ, ಕಿಟಕಿಯಗಲದ ಬಿಸಿಲು ಬಿದ್ದಿತ್ತು. ದ್ಯಾವಮ್ಮ ಅದನ್ನು ತುಳಿಯದೆ ಸುತ್ತಲೂ ಗುಡಿಸುತ್ತಿದ್ದರು.